ಬಿಟ್ಟುಹೋದ ಎರಡು ನುಡಿಗಳು

ಕಳೆದ ವರ್ಷದ ಸಂಚಿಕೆಯು ಹೊರಬಂದು ಎರಡು ತಿಂಗಳಾಗಿದ್ದಿತು. ಒಂದು ಮಧ್ಯಾಹ್ನ ಶಾಲೆಯ ಕಚೇರಿಯ ಜವಾನರು ಒಂದು ಕಾಗದವನ್ನು ತಂದು ನಮ್ಮ ಕೈಗಿತ್ತರು. ಲಕೋಟೆಯ ಮೇಲೆ ‘ಸಂಪಾದಕರಿಗೆ’ ಎಂದು ದುಂಡಾದ ಕನ್ನಡ ಅಕ್ಷರಗಳಲ್ಲಿ ಬರೆದಿದ್ದಿತು. ಈ ಮುಂಬಯಿ ಮಹಾನಗರದಲ್ಲಿ ಕನ್ನಡ ಶಾಲೆಯೊಂದರ ವಾರ್ಷಿಕ ಸಂಚಿಕೆಗೆ ಅಂಚೆಯಲ್ಲಿ ಕಾಗದ ಬರುವುದು ದಿನದಿನದ ಮಾತಲ್ಲ. ಯಾರೋ ಅಭಿಮಾನಿಗಳು ಮೆಚ್ಚಿ ಬರೆದಿರಬೇಕೆಂದು ತಿಳಿದು ನಾವು ಮೂವರೂ, ಎಂದರೆ ಸಂಚಿಕೆಯ ವಿದ್ಯಾರ್ಥಿ ಸಂಪಾದಕರು, ಗ್ರಂಥಾಲಯದ ಮೇಜಿನ ಸುತ್ತ ಕುಳಿತು ಲಕೋಟೆಯನ್ನು ಒಡೆದೆವು.

ಬರೆದವರು ಕರ್ನಾಟಕದ ಒಬ್ಬ ಹಿರಿಯ ಕವಿಗಳು. ಅವರ ಕವಿತೆಯೊಂದನ್ನು ನಾವು ಸಂಚಿಕೆಯ ೨೩ನೆಯ ಪುಟದಲ್ಲಿ ಅಚ್ಚುಮಾಡಿದ್ದೆವು. ಹೇಗೋ ಒಂದು ಪ್ರತಿ ಅವರ ಊರನ್ನು ಮುಟ್ಟಿದ್ದಿತು. ಕಾಗದದಲ್ಲಿ ಸಿಟ್ಟಿನ ಮಾತು ಒಂದೂ ಇರಲಿಲ್ಲ. “ಕವಿತೆಯ ಕೆಳಗೆ ನನ್ನ ಹೆಸರಿದೆ. ಆದರೆ ನಾನು ಬರೆದುದು ಆರು ನುಡಿಗಳ ಪದ್ಯ. ನೀವು ಹಾಕಿರುವುದು ನಾಲ್ಕು ನುಡಿಗಳ ಪದ್ಯ. ಮೊದಲ ನಾಲ್ಕರಲ್ಲಿ ಮಗು ಕೇಳುತ್ತದೆ. ಕೊನೆಯ ಎರಡರಲ್ಲಿ ತಾಯಿ ಹೇಳುತ್ತಾಳೆ. ನಿಮ್ಮ ಸಂಚಿಕೆಯಲ್ಲಿ ಮಗು ಇನ್ನೂ ಕೇಳುತ್ತಲೇ ನಿಂತಿದೆ. ನನ್ನನ್ನು ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದೆ. ಯಾರೂ ಕೇಳಲಿಲ್ಲ.” ಅಷ್ಟೇ. ಕೆಳಗೆ ರುಜು.

ನಡೆದುದನ್ನು ಮುಚ್ಚಿಡುವುದಿಲ್ಲ. ಆ ಕವಿತೆಯನ್ನು ನಾವು ನಮ್ಮ ಗ್ರಂಥಾಲಯದ ಒಂದು ಸಂಕಲನದಿಂದ ಎತ್ತಿಕೊಂಡಿದ್ದೆವು. ಪುಟಗಳೆಲ್ಲ ಜೋಡಣೆಯಾದ ಮೇಲೆ, ಪ್ರತಿ ವರ್ಷವೂ ನಮಗೆ ನೆರವಾಗುವ ಉಡುಪಿ ಹೋಟೆಲಿನ ಮಾಲೀಕರೊಬ್ಬರ ಅರ್ಧಪುಟದ ಜಾಹೀರಾತು ಬಂದಿತು. ಜಾಹೀರಾತಿಲ್ಲದೆ ಶಾಲೆಯ ಸಂಚಿಕೆ ಹೊರಡದೆಂಬುದು ಎಲ್ಲರಿಗೂ ತಿಳಿದದ್ದೇ. ಮುದ್ರಣಾಲಯದವರು, “ಎಂಟು ಸಾಲು ಹೆಚ್ಚಾಗುತ್ತದೆ, ಏನು ಮಾಡೋಣ?” ಎಂದು ಫೋನಿನಲ್ಲಿ ಕೇಳಿದರು. “ಕೊನೆಯ ಎರಡು ನುಡಿಗಳನ್ನು ತೆಗೆದುಬಿಡಿ” ಎಂದವರು ನಾವೇ. ಆ ಮಾತನ್ನು ಹೇಳಲು ನಮಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ಕಾಗದವನ್ನು ಮುಖ್ಯಾಧ್ಯಾಪಿನಿಯವರ ಬಳಿಗೆ ಒಯ್ದೆವು. ಕ್ಷಮಾಪಣೆಯ ಪತ್ರವನ್ನು ಆಗಲೇ ಬರೆದಿಟ್ಟುಕೊಂಡಿದ್ದೆವು. ಅವರು ಅದನ್ನು ಓದಿ ಹಿಂದಕ್ಕೆ ಕೊಟ್ಟರು. “ಇದರಲ್ಲಿ ‘ಏನಾದರೂ ತಪ್ಪಾಗಿದ್ದಲ್ಲಿ’ ಎಂದು ಬರೆದಿದ್ದೀರಿ. ತಪ್ಪಾಗಿದೆಯೋ ಇಲ್ಲವೋ, ಆಗಿದ್ದರೆ ಯಾವುದೆಂದು ನಿಮಗೇ ತಿಳಿದಿಲ್ಲ. ತಿಳಿದುಕೊಂಡು ಬನ್ನಿ. ಅದಕ್ಕೆ ಕಾನೂನು ಎಂಬುದೊಂದಿದೆ. ಆ ಪತ್ರ ಹೋಗುವ ತನಕ ಈ ವರ್ಷದ ಸಂಚಿಕೆ ಅಚ್ಚಿಗೆ ಹೋಗಕೂಡದು” ಎಂದರು.

ಕೃತಿಸ್ವಾಮ್ಯದ ಕಾನೂನನ್ನು ತಿಳಿಯಲು ನಾವು ಹೊರಟದ್ದು ಹೀಗೆ. ಅದೇನು ದೊಡ್ಡ ಕೆಲಸ, ಒಂದು ಮಧ್ಯಾಹ್ನದಲ್ಲಿ ಮುಗಿದೀತು ಎಂದುಕೊಂಡಿದ್ದೆವು. ಹಿಡಿದದ್ದು ಸುಮಾರು ನಾಲ್ಕು ತಿಂಗಳು.

ಮೊದಲು ಕಂಡುಕೊಂಡ ಸಂಗತಿಯೆಂದರೆ ಈ ಕಾನೂನು ಎಲ್ಲರಿಗೂ ಗೊತ್ತಿದೆ! ಕೇಳಿದವರಲ್ಲಿ ‘ತಿಳಿಯದು’ ಎಂದವರು ಒಬ್ಬರೂ ಇಲ್ಲ. ಕವಿಯ ಹೆಸರು ಹಾಕಿದರೆ ಸಾಕು ಎಂದರು ಒಬ್ಬರು. ಲಾಭಕ್ಕಲ್ಲದ್ದರಿಂದ ತಪ್ಪಿಲ್ಲ ಎಂದರು ಇನ್ನೊಬ್ಬರು. ಹತ್ತು ಸಾಲಿನವರೆಗೆ ಬಿಡುವುಂಟೆಂದು ನಮ್ಮ ತರಗತಿಯ ಒಬ್ಬ ಗೆಳೆಯನ ಸೋದರಮಾವ ಖಂಡಿತವಾಗಿ ಹೇಳಿದರು. ಅದು ಹತ್ತಲ್ಲ, ನೂರಕ್ಕೆ ಹತ್ತು ಎಂದು ಅವರ ಪಕ್ಕದಲ್ಲಿದ್ದವರು ತಿದ್ದಿದರು. ಸರಕಾರದಲ್ಲಿ ನೋಂದಾಯಿಸದ ಕವಿತೆಗೆ ಹಕ್ಕೇ ಇಲ್ಲವೆಂಬುದು ಮತ್ತೊಂದು ಪಕ್ಷ. ಇವರೆಲ್ಲರೂ ಒಳ್ಳೆಯವರು, ನಮಗೆ ಹಿತವನ್ನೇ ಬಯಸಿದವರು. ಆದರೆ ‘ಇದನ್ನು ಎಲ್ಲಿ ಓದಿದಿರಿ?’ ಎಂದರೆ ಮಾತು ಬೇರೆ ಕಡೆಗೆ ಹೊರಳುತ್ತಿದ್ದಿತು.

ಕೈಯಲ್ಲಿನ ಮೊಬೈಲು ಇರುವಾಗ ಜನರನ್ನೇಕೆ ಕೇಳಬೇಕೆಂದು ಅದನ್ನು ಕೇಳಿದೆವು. ಅದು ಸೊಗಸಾಗಿ ಉತ್ತರ ಕೊಟ್ಟಿತು. ‘ಫೇರ್ ಯೂಸ್’ ಎಂಬ ತತ್ತ್ವವುಂಟು. ಬಳಕೆಯ ಉದ್ದೇಶವೇನು, ಕೃತಿ ಎಂಥದು, ಎಷ್ಟು ಭಾಗವನ್ನು ತೆಗೆದುಕೊಂಡಿರಿ, ಮಾರಾಟಕ್ಕೆ ಧಕ್ಕೆಯಾಯಿತೇ ಎಂಬ ನಾಲ್ಕು ಪರೀಕ್ಷೆಗಳುಂಟು ಎಂದು ತಿಳಿಸಿತು. ನಾವು ಹಿಗ್ಗಿ, ನಾಲ್ಕಕ್ಕೂ ಉತ್ತರ ಬರೆದು, ನಾವು ನಿರ್ದೋಷಿಗಳೆಂದು ತೀರ್ಮಾನಿಸಿಕೊಂಡು ಕನ್ನಡ ಸರ್ ಅವರಿಗೆ ತೋರಿಸಿದೆವು. ಅವರು ಕನ್ನಡಕವನ್ನು ಹಣೆಗೇರಿಸಿ, “ಇದು ಯಾವ ದೇಶದ ಕಾನೂನು?” ಎಂದು ಕೇಳಿದರು. ಆ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ. ಹುಡುಕಿ ನೋಡಿದರೆ ಆ ನಾಲ್ಕು ಪರೀಕ್ಷೆಗಳು ಅಮೆರಿಕದ ೧೯೭೬ರ ಶಾಸನದ ೧೦೭ನೆಯ ಕಲಮಿನವು. ನಮ್ಮ ದೇಶದ ಶಾಸನ ಬೇರೆ, ಅದರ ಮಾತು ಬೇರೆ. ೧೮೮೬ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರರ ಲೇಖಕರಿಗೆ ರಕ್ಷಣೆ ಕೊಡುತ್ತವೆಂಬುದು ನಿಜ. ಆದರೆ ಆ ರಕ್ಷಣೆಗೆ ಎಲ್ಲೆಲ್ಲಿ ವಿನಾಯಿತಿಯೆಂಬುದನ್ನು ಪ್ರತಿಯೊಂದು ದೇಶವೂ ತನ್ನ ಶಾಸನದಲ್ಲಿ ತಾನೇ ಬರೆದುಕೊಂಡಿದೆ.

ಆಮೇಲೆ ಪುಸ್ತಕಕ್ಕೆ ಹೊರಟೆವು. ಒಂದು ಶನಿವಾರ ಲೋಕಲ್ ಗಾಡಿಯಲ್ಲಿ ಚರ್ಚ್‌ಗೇಟಿಗೆ ಹೋಗಿ, ಅಲ್ಲಿಂದ ಹುತಾತ್ಮ ಚೌಕದ ಕಾಲುದಾರಿಯಲ್ಲಿ ಹಳೆಯ ಪುಸ್ತಕ ಮಾರುವವರ ರಾಶಿಗಳನ್ನು ಕೆದಕಿದೆವು. ಕಾಪಿರೈಟ್ ಕಾನೂನಿನ ಒಂದು ಪುಸ್ತಕ ಸಿಕ್ಕಿತು. ಗಟ್ಟಿ ರಟ್ಟು, ಒಳಗೆ ಯಾರೋ ವಕೀಲರ ಹಳೆಯ ಮೊಹರು. ಅರುವತ್ತು ರೂಪಾಯಿಗೆ ಕೊಂಡೆವು. ಭಾರತದ್ದೇ ಕಾನೂನು, ೧೯೫೭ರಲ್ಲಿ ಸಂಸತ್ತು ಅಂಗೀಕರಿಸಿ, ೧೯೫೮ರ ಜನವರಿ ೨೧ರಂದು ಜಾರಿಗೆ ಬಂದ ಶಾಸನ. ಇನ್ನು ನಮಗೆ ಭಯವಿಲ್ಲವೆಂದುಕೊಂಡೆವು. ಲೇಖಕನು ತೀರಿಕೊಂಡ ಮರುವರ್ಷದ ಆರಂಭದಿಂದ ೫೦ ವರ್ಷಗಳವರೆಗೆ ಹಕ್ಕು ಉಳಿಯುತ್ತದೆಂದು ಅದರಲ್ಲಿದ್ದಿತು. ನಮಗೆ ಇಂಥ ಲೆಕ್ಕಗಳೆಂದರೆ ಬಹಳ ಪ್ರೀತಿ. ಕವಿಗಳು ನಿಧನರಾದ ವರ್ಷಗಳನ್ನು ಪಾಠಪುಸ್ತಕದ ಕವಿಪರಿಚಯಗಳಿಂದ ಹೆಕ್ಕಿ, ಯಾರ ಕೃತಿಗಳು ಯಾವಾಗ ಎಲ್ಲರ ಸ್ವತ್ತಾಗುತ್ತವೆಂದು ಒಂದು ಪಟ್ಟಿಯನ್ನೇ ಮಾಡಿ, ಬಣ್ಣದ ಗೆರೆ ಎಳೆದು, ಗ್ರಂಥಾಲಯದ ಗೋಡೆಗೆ ಅಂಟಿಸಿದೆವು. ಡಿ. ವಿ. ಜಿ.ಯವರು ೧೯೭೫ರಲ್ಲಿ ತೀರಿಕೊಂಡರು. ಆದುದರಿಂದ ೨೦೨೬ರ ಜನವರಿ ಒಂದರಿಂದ ಅವರ ಕೃತಿಗಳನ್ನು ಯಾರನ್ನೂ ಕೇಳದೆ ಅಚ್ಚುಮಾಡಬಹುದೆಂದು ದಪ್ಪಕ್ಷರದಲ್ಲಿ ಬರೆದೆವು.

ಆ ಪಟ್ಟಿ ಹನ್ನೊಂದು ದಿನ ಗೋಡೆಯ ಮೇಲಿದ್ದಿತು. ನಮ್ಮ ಶಾಲೆಯಲ್ಲಿಯೇ ಓದಿ ಈಗ ಕೋಟೆ ವಿಭಾಗದಲ್ಲಿ ವಕೀಲಿ ಮಾಡುತ್ತಿರುವ ಹಿರಿಯರೊಬ್ಬರು ಶಾಲೆಗೆ ಬಂದಾಗ ಅದನ್ನು ನಿಂತು ಓದಿದರು. ನಗಲಿಲ್ಲ. ಪುಸ್ತಕವನ್ನು ತರಿಸಿ, ಒಳಗಿನದನ್ನು ನೋಡದೆ, ಮುಖಪುಟದ ಬೆನ್ನಿಗಿರುವ ಹಾಳೆಯನ್ನು ತೆರೆದು ಮುದ್ರಣದ ವರ್ಷವನ್ನು ತೋರಿಸಿದರು. ನಾವು ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನ ಪುಸ್ತಕ ಅದು. “ಪುಸ್ತಕ ಸುಳ್ಳು ಹೇಳಿಲ್ಲಪ್ಪ. ಹೇಳಿದ ಕಾಲಕ್ಕೆ ಅದು ನಿಜವೇ ಆಗಿತ್ತು” ಎಂದರು.

ಅವರು ವಿವರಿಸಿದ್ದು ಹೀಗೆ. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು ೧೯೪೧ರಲ್ಲಿ. ಐವತ್ತು ವರ್ಷದ ಲೆಕ್ಕದಂತೆ ಅವರ ಕೃತಿಗಳ ಹಕ್ಕು ೧೯೯೧ರ ಕೊನೆಗೆ ಮುಗಿಯಬೇಕಾಗಿದ್ದಿತು. ವಿಶ್ವಭಾರತಿಯ ಕೈಯಲ್ಲಿದ್ದ ಆ ಹಕ್ಕು ಮುಗಿಯುವ ಹೊತ್ತಿಗೆ ದೇಶದಲ್ಲಿ ಚರ್ಚೆಯೆದ್ದು, ೧೯೯೨ರ ತಿದ್ದುಪಡಿಯಿಂದ ಐವತ್ತು ಅರುವತ್ತಾಯಿತು. ಠಾಕೂರರ ಹಕ್ಕು ೨೦೦೧ರ ಕೊನೆಯವರೆಗೆ ಮುಂದುವರಿಯಿತು. ಒಬ್ಬ ಕವಿಗಾಗಿ ಎದ್ದ ಮಾತು ಎಲ್ಲ ಕವಿಗಳಿಗೂ ಅನ್ವಯವಾಯಿತು. ಹಾಗಾಗಿ ಡಿ. ವಿ. ಜಿ.ಯವರ ಕೃತಿಗಳ ಹಕ್ಕು ೨೦೩೫ರ ಕೊನೆಯವರೆಗೆ, ೧೯೮೧ರಲ್ಲಿ ತೀರಿಕೊಂಡ ಬೇಂದ್ರೆಯವರದು ೨೦೪೧ರ ಕೊನೆಯವರೆಗೆ, ೧೯೯೪ರಲ್ಲಿ ತೀರಿಕೊಂಡ ಕುವೆಂಪು ಅವರದು ೨೦೫೪ರ ಕೊನೆಯವರೆಗೆ. ೧೯೪೬ರಲ್ಲಿ ನಿಧನರಾದ ಬಿ. ಎಂ. ಶ್ರೀಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು ೨೦೦೭ರ ಆರಂಭದಿಂದ ಎಲ್ಲರವು. ೧೯೩೭ರಲ್ಲಿ ತೀರಿಕೊಂಡ ನಮ್ಮ ಮಕ್ಕಳ ಕವಿ ಪಂಜೆ ಮಂಗೇಶರಾಯರು ಎರಡು ಲೆಕ್ಕಗಳಲ್ಲಿಯೂ ನಮ್ಮವರೇ. ಪಟ್ಟಿಯಲ್ಲಿ ತಿದ್ದದೆ ಉಳಿಸಬಹುದಾಗಿದ್ದ ಕೆಲವೇ ಹೆಸರುಗಳಲ್ಲಿ ಅವರದೊಂದು ಎಂಬುದು ನಮಗೆ ಆ ದಿನ ದೊಡ್ಡ ಸಮಾಧಾನವನ್ನು ಕೊಟ್ಟಿತು.

ಆದರೆ ಹನ್ನೊಂದು ದಿನಗಳಲ್ಲಿ ಎಷ್ಟು ಮಂದಿ ಆ ಪಟ್ಟಿಯನ್ನು ಓದಿಕೊಂಡು ಹೋಗಿದ್ದರೋ! ನಾವೂ ಆ ಸೋದರಮಾವನವರ ಸಾಲಿಗೆ ಸೇರಿದ್ದೆವು. ಗೋಡೆಯಿಂದ ಅದನ್ನು ಕಿತ್ತು, ತರಗತಿ ತರಗತಿಗೆ ಹೋಗಿ ತಪ್ಪಾಯಿತೆಂದು ಹೇಳಿಬಂದೆವು. ಎಂಟನೆಯ ತರಗತಿಯವರು ಚಪ್ಪಾಳೆ ತಟ್ಟಿದರು, ಏಕೆಂದು ತಿಳಿಯಲಿಲ್ಲ.

ವಕೀಲರು ಅಂದು ನಮಗೆ ಕೊಟ್ಟ ಸಲಹೆ ಒಂದೇ. “ಶಾಸನದ ಬಗ್ಗೆ ಓದುವ ಮೊದಲು ಶಾಸನವನ್ನೇ ಓದಿ. ಕಷ್ಟವಾದರೆ ಆಮೇಲೆ ಪುಸ್ತಕ. ಪುಸ್ತಕವೂ ಸಾಲದಿದ್ದರೆ ನಾನಿದ್ದೇನೆ.” ಶಾಸನವು ಎಲ್ಲಿ ಸಿಗುತ್ತದೆ ಎಂದೆವು. ಅದಕ್ಕೆ ಹಣ ಬೇಡ. ಕೇಂದ್ರ ಸರಕಾರದ ಕೃತಿಸ್ವಾಮ್ಯ ಕಚೇರಿ ದೆಹಲಿಯಲ್ಲಿದೆ. ಶಾಸನವನ್ನೂ ೨೦೧೩ರ ನಿಯಮಗಳನ್ನೂ ಅದರ ಜಾಲತಾಣದಲ್ಲಿ ಇಟ್ಟಿದ್ದಾರೆ. ‘ಇಂಡಿಯಾ ಕೋಡ್’ ಎಂಬ ಸರಕಾರಿ ಸಂಗ್ರಹದಲ್ಲಿ ಕೇಂದ್ರದ ಶಾಸನಗಳು ಸಿಗುತ್ತವೆ. ಶಾಲೆಯ ಗಣಕಯಂತ್ರದಲ್ಲಿ ಅದನ್ನು ಇಳಿಸಿಕೊಂಡು, ಅಚ್ಚು ತೆಗೆಸಿ, ಹೊಲಿಗೆ ಹಾಕಿಸಿದೆವು. ಹೀಗೆ ನಕಲು ಮಾಡಿದರೆ ಸರಕಾರದ ಕೃತಿಸ್ವಾಮ್ಯಕ್ಕೆ ಭಂಗ ಬಂದೀತೇ ಎಂದು ನಮ್ಮಲ್ಲೊಬ್ಬನಿಗೆ ಅನುಮಾನ. ಅಷ್ಟು ಹೊತ್ತಿಗೆ ನಾವು ಅಷ್ಟು ಅಂಜಿಹೋಗಿದ್ದೆವು. ಓದಿಕೊಳ್ಳಲೆಂದೇ ಅಲ್ಲಿ ಇಟ್ಟಿದ್ದಾರಪ್ಪ ಎಂದು ಸರ್ ಅವರು ಧೈರ್ಯ ಹೇಳಿದರು.

ಕನ್ನಡ ಮಾಧ್ಯಮದವರಾದ ನಮಗೆ ಆ ಇಂಗ್ಲಿಷು ಸುಲಭವಾಗಿರಲಿಲ್ಲ. ಒಂದೊಂದು ವಾಕ್ಯ ಅರ್ಧ ಪುಟ. ಕರ್ತೃಪದ ಮೇಲಿನ ಸಾಲಿನಲ್ಲಿದ್ದರೆ ಕ್ರಿಯಾಪದ ಏಳು ಸಾಲಿನ ಕೆಳಗೆ. ಮೇಜಿನ ಮೇಲೆ ದಪ್ಪ ನಿಘಂಟನ್ನಿಟ್ಟುಕೊಂಡು ಸಂಜೆ ಒಂದೊಂದು ಗಂಟೆ ಕುಳಿತೆವು. ಒಬ್ಬರು ಗಟ್ಟಿಯಾಗಿ ಓದುವುದು, ಒಬ್ಬರು ಪದ ಹುಡುಕುವುದು, ಮೂರನೆಯವರು ಅರ್ಥವನ್ನು ಕನ್ನಡದಲ್ಲಿ ಬರೆಯುವುದು. ಹೀಗೆ ಹೆಚ್ಚೆಂದರೆ ಸಂಜೆಗೆ ಎರಡು ಕಲಮು. ಆದರೆ ಶಾಸನದ ಪಾಠದಲ್ಲಿ ಒಂದು ಅನುಕೂಲವನ್ನು ಕಂಡೆವು. ತಿದ್ದಿದ ಮಾತುಗಳನ್ನು ಕಂಸದೊಳಗಿಟ್ಟು, ಯಾವ ವರ್ಷದ ಯಾವ ತಿದ್ದುಪಡಿಯಿಂದ ಬಂದವೆಂದು ಅಡಿಟಿಪ್ಪಣಿಯಲ್ಲಿ ಹೇಳಿರುತ್ತಾರೆ. ಅಜ್ಜಿಯ ಕೌದಿಯಲ್ಲಿ ಯಾವ ತುಂಡು ಯಾರ ಸೀರೆಯದೆಂದು ಅಜ್ಜಿ ಹೇಳುವಂತೆ, ಈ ತೇಪೆ ೧೯೮೪ರದು, ಇದು ೧೯೯೪ರದು, ಇದು ೨೦೧೨ರದು ಎಂದು ಶಾಸನವೇ ಹೇಳುತ್ತದೆ.

ಓದುತ್ತ ಹೋದಂತೆ ಕೇಳಿದ ಮಾತುಗಳು ಒಂದೊಂದಾಗಿ ಬಿದ್ದುಹೋದವು. ಹತ್ತು ಸಾಲು ಎಲ್ಲಿಯೂ ಇಲ್ಲ. ನೂರಕ್ಕೆ ಹತ್ತೂ ಇಲ್ಲ. ನೋಂದಣಿಯು ಕಡ್ಡಾಯವಲ್ಲ, ಕೃತಿ ಹುಟ್ಟಿದೊಡನೆ ಹಕ್ಕೂ ಹುಟ್ಟುತ್ತದೆ. ಬರೆದವನೇ ಮೊದಲ ಒಡೆಯನೆಂದು ೧೭ನೆಯ ಕಲಮು ಹೇಳುತ್ತದೆ. ಅಲ್ಲಿ ವಯಸ್ಸಿನ ಮಾತಿಲ್ಲ. ಇದನ್ನು ಕೇಳಿ ಐದನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಮಳೆಯ ಪ್ರಬಂಧವನ್ನು ತಂದು, “ಅಣ್ಣಾ, ಇದೂ ನನ್ನದೇನಾ?” ಎಂದು ಕೇಳಿದಳು. ನಿನ್ನದೇ, ನಿನ್ನ ಕಾಲಾನಂತರ ಅರುವತ್ತು ವರ್ಷಗಳ ತನಕ ನಿನ್ನ ಮನೆಯವರದು ಎಂದೆವು. ಅವಳು ಆ ಹಾಳೆಯನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು.

ಶಾಲೆಗಳಿಗೆ ರಿಯಾಯಿತಿಯುಂಟೆಂಬ ಮಾತಂತೂ ಸುಳ್ಳಲ್ಲ. ಅದು ೫೨ನೆಯ ಕಲಮಿನಲ್ಲಿದೆ. ಅಲ್ಲಿಯೇ ನಾವು ಮತ್ತೊಮ್ಮೆ ಎಡವಿದೆವು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನ್ಯಾಯಾಲಯಗಳ ತೀರ್ಪುಗಳನ್ನೂ ನೋಡಬೇಕೆಂದು ವಕೀಲರು ಹೇಳಿದ್ದರು. ನಮಗೆ ಆಸಕ್ತಿ ಹುಟ್ಟಿಸಿದ ತೀರ್ಪು ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳದು. ಕಾರಂತರು ಯಕ್ಷಗಾನವನ್ನು ಹೊಸ ರೀತಿಯಲ್ಲಿ ರೂಪಿಸಿ ರಂಗಕ್ಕೆ ತಂದವರು. ೧೯೯೭ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಮೃತ್ಯುಪತ್ರದಿಂದ ಹಕ್ಕು ಪಡೆದವರಿಗೂ ಆ ಪ್ರಸಂಗಗಳನ್ನು ಆಡಿಸಿದ ಮಣಿಪಾಲದ ಶಿಕ್ಷಣ ಸಂಸ್ಥೆಗೂ ವ್ಯಾಜ್ಯ ನಡೆದು, ಅದು ಉಡುಪಿಯಿಂದ ಸರ್ವೋಚ್ಚ ನ್ಯಾಯಾಲಯದ ತನಕ ಹೋಯಿತು. ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಕ್ಕು ಮೃತ್ಯುಪತ್ರದಂತೆ ಪಡೆದವರದೇ. ಆದರೆ ೫೨ನೆಯ ಕಲಮಿನ ವಿನಾಯಿತಿಗೆ ಒಳಪಡುವ ಪ್ರದರ್ಶನಕ್ಕೆ ಅಡ್ಡಿಯಿಲ್ಲ ಎಂದಿತು. ಆ ತೀರ್ಪಿನಲ್ಲಿ ಶಾಲೆಯ ನಾಟಕಕ್ಕೆ ಸಂಬಂಧಿಸಿದ ಖಂಡ ‘ಐ’. ನಾವು ನಮ್ಮ ಹೊಲಿದ ಪುಸ್ತಕವನ್ನು ತೆರೆದು ‘ಐ’ ಖಂಡವನ್ನು ನೋಡಿದರೆ ಅಲ್ಲಿ ನಾಟಕದ ಸುಳಿವೇ ಇಲ್ಲ! ಪಾಠದ ವೇಳೆ ಅಧ್ಯಾಪಕರಾಗಲಿ ವಿದ್ಯಾರ್ಥಿಯಾಗಲಿ ಮಾಡುವ ನಕಲು, ಪರೀಕ್ಷೆಯ ಪ್ರಶ್ನೆ, ಅದರ ಉತ್ತರ, ಇವುಗಳ ಮಾತಿದೆ. ದೆಹಲಿ ವಿಶ್ವವಿದ್ಯಾನಿಲಯದ ಝೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ೨೦೧೨ರಲ್ಲಿ ಹೂಡಿದ ದಾವೆಯಲ್ಲಿ, ೨೦೧೬ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಪಾಠಕ್ಕೆ ಬೇಕಾದ ನಕಲಿಗೆ ಎಡೆಯುಂಟೆಂದು ಹೇಳಿದ್ದೂ ‘ಐ’ ಖಂಡದ ಮೇಲೆಯೇ. (ಮರುವರ್ಷ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು.) ಒಂದೇ ಅಕ್ಷರ, ಸರ್ವೋಚ್ಚ ನ್ಯಾಯಾಲಯಕ್ಕೆ ಅದು ನಾಟಕ, ದೆಹಲಿಯ ನ್ಯಾಯಾಲಯಕ್ಕೆ ಪಾಠ. ಇಬ್ಬರಲ್ಲಿ ಒಬ್ಬರು ತಪ್ಪಿರಬೇಕೆಂದು ನಾವು ವಾದ ಹೂಡಿದೆವು. ಎರಡು ಸಂಜೆಗಳು ಇದರಲ್ಲಿಯೇ ಕಳೆದವು.

ಬಿಡಿಸಿಕೊಟ್ಟದ್ದು ಅಡಿಟಿಪ್ಪಣಿ. ೨೦೧೨ರ ತಿದ್ದುಪಡಿಯಲ್ಲಿ ಖಂಡಗಳನ್ನು ಹೊಸದಾಗಿ ಜೋಡಿಸಿದಾಗ ‘ಎಚ್’ ಇದ್ದುದು ‘ಐ’ ಆಯಿತು, ‘ಐ’ ಇದ್ದುದು ‘ಜೆ’ ಆಯಿತು. ೨೦೦೯ರ ತೀರ್ಪು ಹಳೆಯ ಅಕ್ಷರವನ್ನು ಹೇಳುತ್ತದೆ, ೨೦೧೬ರದು ಹೊಸದನ್ನು. ಯಾರೂ ತಪ್ಪಿರಲಿಲ್ಲ. ಇದನ್ನು ನಾವೇ ಕಂಡುಹಿಡಿದ ರಾತ್ರಿ ನಮಗಾದ ಹಿಗ್ಗು ಪರೀಕ್ಷೆಯಲ್ಲಿ ಉತ್ತೀರ್ಣರಾದಾಗಲೂ ಆಗಿರಲಿಲ್ಲ. ಮರುದಿನ ವಕೀಲರಿಗೆ ಫೋನು ಮಾಡಿ ತಿಳಿಸಿದೆವು. ಅವರು, “ಇದು ನನಗೆ ಗೊತ್ತಿತ್ತು. ನೀವು ಹುಡುಕಲಿ ಎಂದು ಸುಮ್ಮನಿದ್ದೆ” ಎಂದರು. ನಿಜವೋ ಅಲ್ಲವೋ ದೇವರೇ ಬಲ್ಲ.

ಹೀಗೆ ಶಾಲೆಯವರು ಪಾಠ ಮಾಡಬಹುದು, ಪ್ರಶ್ನೆಪತ್ರಿಕೆಯಲ್ಲಿ ಪದ್ಯವನ್ನು ಕೊಡಬಹುದು, ಅಧ್ಯಾಪಕರೂ ವಿದ್ಯಾರ್ಥಿಗಳೂ ಶಾಲೆಯ ಕಾರ್ಯಕ್ರಮದಲ್ಲಿ ಪೋಷಕರ ಮುಂದೆ ನಾಟಕವಾಡಬಹುದು. ವಾರ್ಷಿಕ ಸಂಚಿಕೆ? ಅದರ ಹೆಸರು ಎಲ್ಲಿಯೂ ಕಾಣಲಿಲ್ಲ. ಸಂಚಿಕೆಯೂ ಪಾಠದ ಅಂಗವೇ ಎಂದು ವಾದಿಸಬಹುದಲ್ಲವೇ ಎಂದು ವಕೀಲರನ್ನು ಕೇಳಿದೆವು. “ವಾದಿಸಬಹುದು. ಆದರೆ ವಾದಕ್ಕಿಂತ ಅಂಚೆಚೀಟಿ ಅಗ್ಗ” ಎಂದರು. ಅನುಮತಿಯು ಬರಹದಲ್ಲಿರಬೇಕೆಂದು ೩೦ನೆಯ ಕಲಮನ್ನೂ ತೋರಿಸಿಕೊಟ್ಟರು.

ಆದರೂ ನಮ್ಮ ಮನಸ್ಸಿನಲ್ಲಿ ಒಂದು ಮಾತು ಉಳಿದಿದ್ದಿತು. ಕವಿಗಳ ಕಾಗದದಲ್ಲಿ ದುಡ್ಡಿನ ಮಾತಿರಲಿಲ್ಲ. ಕೇಳದೆ ಹಾಕಿದಿರೆಂಬುದೇ ಮುಖ್ಯ ದೂರೂ ಆಗಿರಲಿಲ್ಲ. ಎರಡು ನುಡಿಗಳನ್ನು ತೆಗೆದುದೇ ಅವರನ್ನು ನೋಯಿಸಿದ್ದು. ಅದಕ್ಕೆ ಶಾಸನದಲ್ಲಿ ಏನಿದೆ? ೫೭ನೆಯ ಕಲಮನ್ನು ತಲುಪಿದಾಗ ಸಂಜೆ ಆರೂವರೆ ಆಗಿದ್ದಿತು. ಲೇಖಕನು ತನ್ನ ಹಕ್ಕನ್ನು ಬೇರೆಯವರಿಗೆ ಪೂರ್ಣವಾಗಿ ಮಾರಿದ್ದರೂ ಅವನಲ್ಲಿಯೇ ಉಳಿಯುವ ವಿಶೇಷ ಹಕ್ಕುಗಳ ಕಲಮು ಅದು. ಕೃತಿ ತನ್ನದೆಂದು ಹೇಳಿಕೊಳ್ಳುವುದು ಒಂದು. ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚುವುದನ್ನು, ಬದಲಿಸುವುದನ್ನು ತಡೆಯುವುದು ಇನ್ನೊಂದು. ಅಲ್ಲಿ ‘ಮ್ಯೂಟಿಲೇಷನ್’ ಎಂಬ ಮಾತು ಬಂದಿತು. ನಿಘಂಟನ್ನು ತೆರೆದವಳು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಓದಿದಳು: ಅಂಗಚ್ಛೇದ. ಯಾರೂ ಮಾತನಾಡಲಿಲ್ಲ. ನಾವು ಮಾಡಿದ್ದು ಕಾನೂನಿನ ಕಣ್ಣಿನಲ್ಲಿ ಅಷ್ಟಾಗುತ್ತದೆಯೋ ಇಲ್ಲವೋ ಎಂಬುದನ್ನು ನ್ಯಾಯಾಲಯವೇ ಹೇಳಬೇಕು. ಆದರೆ ಫೋನಿನಲ್ಲಿ ಅರ್ಧ ನಿಮಿಷದಲ್ಲಿ ನಾವು ಆಡಿದ ಮಾತಿಗೆ ಒಂದು ಹೆಸರಿರಬಹುದೆಂದು ಅಂದಿನವರೆಗೆ ನಮಗೆ ಗೊತ್ತಿರಲಿಲ್ಲ.

ಆ ರಾತ್ರಿಯೇ ಹೊಸ ಪತ್ರ ಬರೆದೆವು. ‘ತಪ್ಪಾಗಿದ್ದಲ್ಲಿ’ ಎಂಬ ಮಾತು ಅದರಲ್ಲಿರಲಿಲ್ಲ. ಕೇಳದೆ ಅಚ್ಚುಮಾಡಿದೆವು, ಅದು ಒಂದು. ಕೇಳದೆ ಕತ್ತರಿಸಿದೆವು, ಅದು ಇನ್ನೊಂದು. ಜಾಹೀರಾತಿಗೆ ಜಾಗ ಬೇಕಾಗಿದ್ದಿತು, ಅದು ಕಾರಣವೇ ಹೊರತು ಸಮರ್ಥನೆಯಲ್ಲ ಎಂದು ಬರೆದೆವು. ಈ ವರ್ಷ ಆರು ನುಡಿಗಳನ್ನೂ ಪೂರ್ಣವಾಗಿ ಪ್ರಕಟಿಸಲು ಅಪ್ಪಣೆಯಾಗಬೇಕೆಂದು ಕೇಳಿಕೊಂಡೆವು. ಮುಖ್ಯಾಧ್ಯಾಪಿನಿಯವರು ಓದಿ, ಒಂದು ಕಾಗುಣಿತವನ್ನು ತಿದ್ದಿ, ರುಜು ಹಾಕಿದರು.

ಹದಿನೇಳು ದಿನ ಉತ್ತರವಿಲ್ಲ. ಮುದ್ರಣಾಲಯದವರು ಎರಡು ಸಲ ಕೇಳಿ ಕಳುಹಿಸಿದರು. ಹದಿನೆಂಟನೆಯ ದಿನ ಅದೇ ದುಂಡಕ್ಷರದ ಲಕೋಟೆ ಬಂದಿತು. “ಇಡೀ ಪದ್ಯವನ್ನು ಮತ್ತೆ ಹಾಕಿ ಕಾಗದವನ್ನೇಕೆ ಕೆಡಿಸುತ್ತೀರಿ? ಬಿಟ್ಟುಹೋದ ಎರಡು ನುಡಿಗಳನ್ನು ಬೇರೆ ಚೀಟಿಯಲ್ಲಿ ಅಚ್ಚುಮಾಡಿಸಿ. ಹಳೆಯ ಸಂಚಿಕೆಯನ್ನು ಇಟ್ಟುಕೊಂಡವರು ಅಂಟಿಸಿಕೊಳ್ಳಲಿ. ಇದಕ್ಕೆ ನನ್ನ ಅನುಮತಿಯಿದೆ. ಚೀಟಿ ಒಂದನ್ನು ನನಗೂ ಕಳುಹಿಸಿ. ನನ್ನ ಪ್ರತಿಯಲ್ಲಿಯೂ ಮಗು ಕಾಯುತ್ತಿದೆ.”

ಈ ಸಂಚಿಕೆಯ ಹಿಂಬದಿಯ ರಟ್ಟಿನೊಳಗೆ ತೆಳುವಾದ ಹಳದಿ ಚೀಟಿಯೊಂದನ್ನು ಇರಿಸಿದ್ದೇವೆ. ಅದರ ಅಗಲ ಕಳೆದ ವರ್ಷದ ಸಂಚಿಕೆಯ ೨೩ನೆಯ ಪುಟದ ಅಗಲವೇ. ಅಂಟು ಗ್ರಂಥಾಲಯದ ಮೇಜಿನ ಮೇಲಿದೆ. ಮಧ್ಯಾಹ್ನದ ಬಿಡುವಿನಲ್ಲಿ ಬಂದು ಅಂಟಿಸಿಕೊಳ್ಳಬಹುದು. ಹೋಟೆಲಿನವರ ಜಾಹೀರಾತಿನ ಕೆಳಗೆ ಅಷ್ಟು ಜಾಗವಿಲ್ಲ, ಆದುದರಿಂದ ಚೀಟಿಯ ಮೇಲಿನ ಅಂಚಿಗೆ ಮಾತ್ರ ಅಂಟು ಹಚ್ಚಿ, ಕೆಳಭಾಗವನ್ನು ಮಡಿಸಿಕೊಳ್ಳಿರಿ.